ಗಾಳಿಯಲ್ಲಿ ತೇಲುವ ಕಣ ಇಲ್ಲದಿದ್ದರೆ ಮೋಡ ಆಗುತ್ತದಾ? ಹವಾಮಾನಕ್ಕೂ ಅದಕ್ಕೂ ಏನು ಸಂಬಂಧ?

ಆಗುವುದಿಲ್ಲ ಅಂತಲೇ ಹೇಳಬೇಕು. ಬರೀ ನೀರಾವಿ ತಾನಾಗಿ ಹನಿಗಟ್ಟಬೇಕಾದರೆ ಗಾಳಿಯ ತೇವಾಂಶ (ಗಾಳಿ ಸಾಮಾನ್ಯವಾಗಿ ಹಿಡಿದಿಡಬಲ್ಲಷ್ಟು ಆವಿ ತುಂಬಿದರೆ ಅದು ಶೇ. 100) ಶೇ. 400ರ ಆಸುಪಾಸಿಗೆ ಏರಬೇಕು. ಮೋಡದೊಳಗೆ ಅದು ಶೇ. 101 ದಾಟುವುದೇ ಅಪರೂಪ. ಹಾಗಾಗಿ ಆವಿಗೆ ಕೂರಲು ಒಂದು ಕಣ ಬೇಕೇ ಬೇಕು. ಅಲೆ ಒಡೆದಾಗ ಹಾರುವ ಕಡಲಿನ ಉಪ್ಪು, ಹೊಗೆ, ಮರುಭೂಮಿಯ ದೂಳು. ಕೆಲವು ಗಾಳಿಯಲ್ಲೇ ಹುಟ್ಟುತ್ತವೆ: ಕಲ್ಲಿದ್ದಲು ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಎಂಬ ಗಂಧಕದ ಅನಿಲ ಕೊನೆಗೆ ಸಲ್ಫೇಟ್ ಕಣವಾಗುತ್ತದೆ.

ಕಣ ಜಾಸ್ತಿಯಾದರೆ ಇದ್ದ ನೀರೇ ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಹನಿ ಸಣ್ಣದಾದಷ್ಟೂ ಮೋಡ ಬೆಳ್ಳಗೆ. ಬಿಸಿಲನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಇದನ್ನು ಕಣ್ಣಾರೆ ನೋಡಬಹುದು: ಪೆಸಿಫಿಕ್ ಸಾಗರದ ಉಪಗ್ರಹ ಚಿತ್ರಗಳಲ್ಲಿ ಹಡಗು ಹೋದ ದಾರಿಯುದ್ದಕ್ಕೂ ಅದರ ಹೊಗೆಯ ಕಣಗಳಿಂದಾಗಿ ಮೋಡದಲ್ಲಿ ಬಿಳಿ ಗೆರೆ ಮೂಡಿರುತ್ತದೆ. 2020ರಲ್ಲಿ ಹಡಗಿನ ಇಂಧನದಲ್ಲಿನ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. ಆ ಗೆರೆಗಳೂ ಕಡಿಮೆಯಾದವು. ಗಾಳಿ ಶುದ್ಧವಾಯಿತು, ಆದರೆ ಭೂಮಿಯ ಬಿಸಿಯನ್ನು ಅಷ್ಟಿಷ್ಟು ತಡೆದಿದ್ದ ನೆರಳೂ ತೆಳುವಾಯಿತು. ಹಾಗಂತ ಹೊಗೆ ಇರಲಿ ಬಿಡಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಅದು ಶ್ವಾಸಕೋಶಕ್ಕೆ ವಿಷ.

ಹೊಗೆಯಲ್ಲಿರುವ ಮಸಿಯ ಕಥೆ ಮಾತ್ರ ಬೇರೆ. ಕಪ್ಪಗಿರುವುದರಿಂದ ಬಿಸಿಲು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಹಿಮಾಲಯದ ಹಿಮದ ಮೇಲೆ ಕೂತರೆ ಹಿಮ ಬೇಗ ಕರಗುತ್ತದೆ.