ಅಪ್ಪ ಅಮ್ಮನ ಜರ್ಮನಿ ಪ್ರಯಾಣಕ್ಕೆ ವಿಮೆ

ಕಾಫಿ ಕೊಯ್ಲು ಮುಗಿದ ಮೇಲೆ ಅಪ್ಪ ಅಮ್ಮ ವಿರಾಜಪೇಟೆಯಿಂದ ಜರ್ಮನಿಗೆ, ತಂಗಿಯ ಮನೆಗೆ ಹೊರಟಿದ್ದಾರೆ, ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಅಗ್ಗದ ವಿಮೆ ಯಾವುದು ಎಂದು ಕೇಳಿದ್ದೀರಿ. ಷೆಂಗೆನ್ ವೀಸಾಕ್ಕೆ (ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಕನಿಷ್ಠ 30,000 ಯೂರೊ ವೈದ್ಯಕೀಯ ವಿಮಾ ರಕ್ಷಣೆ ಕಡ್ಡಾಯ; ಅಲ್ಲಿರುವ ಅಷ್ಟೂ ದಿನಗಳಿಗೆ ಅದು ಅನ್ವಯಿಸಬೇಕು. ಆದರೆ ವೀಸಾಕ್ಕೆ ಸಾಕಾಗುವ ಪಾಲಿಸಿ ಅಪ್ಪನಿಗೂ ಸಾಕಾಗುತ್ತದೆ ಎಂದೇನಿಲ್ಲ. ಅಗ್ಗದ ಪಾಲಿಸಿಗಳು ಸಾಮಾನ್ಯವಾಗಿ ಮೊದಲೇ ಇರುವ ಕಾಯಿಲೆಯನ್ನು ಹೊರಗಿಡುತ್ತವೆ. ಕೆಲವು ಪ್ರಾಣಾಪಾಯದ ತುರ್ತು ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. ವಯಸ್ಸಾದವರಿಗೆ ಇನ್ನೊಂದು ಕೊಕ್ಕೆ ಇದೆ. ಮೊದಲ ಪುಟದಲ್ಲಿ ದೊಡ್ಡ ಮೊತ್ತ ಅಚ್ಚಾಗಿರುತ್ತದೆ, ಒಳಪುಟದಲ್ಲಿ ಕೊಠಡಿ ಬಾಡಿಗೆಗೆ ಇಷ್ಟೇ, ಶಸ್ತ್ರಚಿಕಿತ್ಸೆಗೆ ಇಷ್ಟೇ ಎಂದು ಮಿತಿ ಹಾಕಿರುತ್ತಾರೆ. ಆ ಪುಟ ಓದದೆ ಹಣ ಕಟ್ಟಬೇಡಿ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಲೂ ಬೇಡಿ. ಕ್ಲೇಮ್ ತಿರಸ್ಕರಿಸಲು ಅದೊಂದೇ ಸಾಕು.

ಇಬ್ಬರಿಗೂ ಬೇರೆ ಬೇರೆ ಪಾಲಿಸಿ ಮಾಡಿಸಿ. ಅಮ್ಮ ಆರೋಗ್ಯವಾಗಿದ್ದರೆ ಸಾಧಾರಣ ಪಾಲಿಸಿ ನಡೆಯುತ್ತದೆ, ಉಳಿದ ಹಣ ಅಪ್ಪನ ಪಾಲಿಸಿಗಿರಲಿ. ಟಿಕೆಟ್ ಜೊತೆಗೆ ಏಜೆಂಟರು ಅಂಟಿಸಿ ಕೊಡುವ ವಿಮೆಯನ್ನು ಹಾಗೆಯೇ ಒಪ್ಪದೆ, ನಾಲ್ಕಾರು ಕಂಪನಿಗಳ ದರ ಹೋಲಿಸಿ. ಅವಧಿಗೆ ಹದಿನೈದು ದಿನ ಹೆಚ್ಚುವರಿ ಸೇರಿಸಿಕೊಳ್ಳಿ. ವಿಮಾನ ತಪ್ಪಬಹುದು, ತಂಗಿಯೂ ಇನ್ನೆರಡು ದಿನ ಇರಿ ಎನ್ನದೆ ಬಿಡುವುದಿಲ್ಲ. ಅಪ್ಪನ ಔಷಧ ಚೀಟಿಯನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿ ಕೈಚೀಲದಲ್ಲೇ ಇಡಿ.