ಆಟವಾಡಿಸುವ ಎಲ್‌ಕೆಜಿ ಮತ್ತು ಮಾಧ್ಯಮದ ಆಯ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನ ವಲಸಿಗ ರೈತರ ಕ್ಯಾಂಪೊಂದರಲ್ಲಿ ವಾಸವಾಗಿದ್ದೇವೆ. ಮನೆಮಾತು ತೆಲುಗು, ಓಣಿಯಲ್ಲಿ ಕನ್ನಡ. ನಾಲ್ಕು ವರ್ಷ ತುಂಬಿದ ಮಗಳನ್ನು ಊರಿನ ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಸೇರಿಸಿದ್ದೇವೆ. ಅಲ್ಲಿ ಹಾಡು, ಕಥೆ, ಮಣ್ಣಿನಾಟ ಬಿಟ್ಟರೆ ಬರೆಸುವುದೇ ಇಲ್ಲ. ಕಾನ್ವೆಂಟಿಗೆ ಹೋಗುವ ಪಕ್ಕದ ಮನೆಯ ಹುಡುಗ ಆಗಲೇ ಎಬಿಸಿಡಿ ಬರೆಯುತ್ತಾನೆ. ಮಗಳು ಹಿಂದುಳಿಯುವಳೇ? ಮುಂದೆ 1ನೇ ತರಗತಿಗೆ ಕನ್ನಡ ಮಾಧ್ಯಮ ಒಳ್ಳೆಯದೋ, ಕನ್ನಡ ಮತ್ತು ಇಂಗ್ಲಿಷಿನ ದ್ವಿಭಾಷಾ ಮಾಧ್ಯಮವೋ?
– ಒಬ್ಬ ತಾಯಿ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಮಗಳು ಹಿಂದುಳಿಯುವುದಿಲ್ಲ. ನಾಲ್ಕನೆಯ ವಯಸ್ಸಿನಲ್ಲಿ ಬೆರಳು ಮತ್ತು ಮಣಿಕಟ್ಟಿನ ಸ್ನಾಯುಗಳು ಪೆನ್ಸಿಲ್ ಹಿಡಿದು ಗೆರೆಯೊಳಗೆ ಅಕ್ಷರ ಮೂಡಿಸುವಷ್ಟು ಬಲಿತಿರುವುದಿಲ್ಲ. ಮಣ್ಣು ನಾದುವಾಗ, ಮಣಿ ಪೋಣಿಸುವಾಗ, ಹುಣಸೆಬೀಜಗಳನ್ನು ಐದೈದರಂತೆ ಗುಂಪು ಮಾಡುವಾಗ ಆ ಕೈ ಬರವಣಿಗೆಗೆ ಸಿದ್ಧವಾಗುತ್ತದೆ, ಎಣಿಕೆಯೂ ಅದರ ಜೊತೆಯಲ್ಲೇ ಬರುತ್ತದೆ. ಪ್ರಾಸವಿರುವ ಹಾಡುಗಳನ್ನು ಹೇಳುತ್ತ ಹೇಳುತ್ತ ಮಾತಿನೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸಲು ಕಲಿತ ಮಗುವಿಗೆ ಮುಂದೆ ಅಕ್ಷರ ಕಲಿಯುವುದು ಸುಲಭವಾಗುತ್ತದೆ. ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಶಿಶುವಿಹಾರದಲ್ಲಿಯೂ ಮಕ್ಕಳ ಕೈಗೆ ಕೊಟ್ಟದ್ದು ಚೆಂಡು ಮತ್ತು ಮರದ ತುಂಡುಗಳನ್ನು. ನಮ್ಮ ದೇಶದಲ್ಲಿ 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟವನ್ನೇ ಕಲಿಕೆಯ ಮುಖ್ಯ ದಾರಿಯೆಂದು ಹೇಳಿದೆ.

ಹಾಗೆಂದು ಮಕ್ಕಳನ್ನು ಸುಮ್ಮನೆ ಅಂಗಳಕ್ಕೆ ಬಿಟ್ಟುಬಿಟ್ಟರೆ ಅದು ಕಲಿಕೆಯಾಗುವುದಿಲ್ಲ. ಶಿಕ್ಷಕಿಯ ಅನುಮತಿ ಪಡೆದು ಒಂದು ಬೆಳಿಗ್ಗೆ ತರಗತಿಯಲ್ಲಿ ಕುಳಿತು ನೋಡಿ. ಕಥೆ ಹೇಳಿದ ಮೇಲೆ ಅವರು ಪ್ರಶ್ನೆ ಕೇಳುತ್ತಾರೆಯೇ, ಮಕ್ಕಳು ಒಂದೊಂದು ಪದದಲ್ಲಲ್ಲದೆ ವಾಕ್ಯಗಳಲ್ಲಿ ಉತ್ತರಿಸುತ್ತಾರೆಯೇ, ಆಟದ ಸಾಮಾನು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದೆಯೇ ಅಥವಾ ಮಕ್ಕಳ ಕೈಗೆ ಸಿಗುವಂತಿದೆಯೇ ಎಂಬುದನ್ನು ಗಮನಿಸಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಕ್ಷರ ಆವಿಷ್ಕಾರ ಕಾರ್ಯಕ್ರಮದಡಿ ನಮ್ಮ ಭಾಗದ ಅನೇಕ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾಗಿರುವುದು ಬಹಳ ಸಂತೋಷದ ಸಂಗತಿ. ಆದರೆ ಕೊಠಡಿ ತೆರೆದಷ್ಟೇ ಶ್ರದ್ಧೆಯಿಂದ ಶಿಕ್ಷಕಿಗೆ ತರಬೇತಿ ಮತ್ತು ಸಾಮಗ್ರಿ ಒದಗಿಸಬೇಕು. ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳುವ ಹಕ್ಕು ಪೋಷಕರಾದ ನಿಮಗಿದೆ, ದಯವಿಟ್ಟು ಕೇಳಿ.

ಇನ್ನು ಮಾಧ್ಯಮದ ವಿಚಾರ. ಆಯ್ಕೆ ನಿಮ್ಮದೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ. ಯಾವ ಮಾಧ್ಯಮಕ್ಕೆ ಸೇರಿಸಿದರೂ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಂತೆ ಕನ್ನಡವನ್ನು ಕಲಿಯಲೇಬೇಕು. ಸರ್ಕಾರಿ ಶಾಲೆಗಳಲ್ಲಿ 2019-20ರಿಂದ ನಡೆಯುತ್ತಿರುವ ದ್ವಿಭಾಷಾ ವಿಭಾಗಗಳಲ್ಲಿ ಗಣಿತ, ಪರಿಸರ ಅಧ್ಯಯನದಂತಹ ಪಠ್ಯಗಳು ಎರಡೂ ಭಾಷೆಗಳಲ್ಲಿ ಇರುತ್ತವೆ. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಬಲ್ಲ ಶಿಕ್ಷಕರಿರುವ ಕಡೆ ಇದು ಚೆನ್ನಾಗಿ ನಡೆಯಬಹುದು. ಅಂಥವರಿಲ್ಲದ ಕಡೆ ಮಗು ಪಾಠವನ್ನು ಅರ್ಥವಾಗದೆ ಬಾಯಿಪಾಠ ಮಾಡುವ ಸ್ಥಿತಿ ಬರುತ್ತದೆ.

ನಿಮ್ಮ ಮಗಳ ಮಟ್ಟಿಗೆ ನನ್ನ ಸಲಹೆ ಕನ್ನಡ ಮಾಧ್ಯಮ. ಕನ್ನಡ ಮತ್ತು ತೆಲುಗಿನ ವಾಕ್ಯರಚನೆ, ವರ್ಣಮಾಲೆಯ ಕ್ರಮ, ಅಪಾರವಾದ ಪದಸಂಪತ್ತು ಒಂದಕ್ಕೊಂದು ಹತ್ತಿರವಿರುವುದರಿಂದ, ಓಣಿಯಲ್ಲಿ ಕನ್ನಡ ಕೇಳುತ್ತ ಬೆಳೆದ ಮಗು ತರಗತಿಯಲ್ಲಿ ಬಾಯಿಬಿಟ್ಟು ‘ಯಾಕೆ’ ಎಂದು ಕೇಳಬಲ್ಲದು. ಆ ವಯಸ್ಸಿನಲ್ಲಿ ಹಾಗೆ ಕೇಳಲು ಸಾಧ್ಯವಾಗುವುದಕ್ಕಿಂತ ದೊಡ್ಡ ಲಾಭ ನನಗೆ ಕಾಣುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ತಪ್ಪಿಹೋಗುವುದೂ ಇಲ್ಲ, 2007ರಿಂದ ಅದನ್ನು 1ನೇ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಜೊತೆಗೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಬಳಿಕ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಬೋಧನಾ ಪದ್ಧತಿಯಿಂದಾಗಿ, ಎಲ್‌ಕೆಜಿಯಲ್ಲಿ ರೂಢಿಯಾದ ಚಟುವಟಿಕೆಯ ಕಲಿಕೆ ಪ್ರಾಥಮಿಕ ಶಾಲೆಯ ಆರಂಭದ ತರಗತಿಗಳಲ್ಲಿಯೂ ಮುಂದುವರಿಯುತ್ತದೆ. ಮನೆಯಲ್ಲಿ ತೆಲುಗನ್ನು ಮಾತ್ರ ಬಿಡಬೇಡಿ. ಅಜ್ಜಿಯ ಕಥೆಗಳು ತೆಲುಗಿನಲ್ಲಿಯೇ ಇರಲಿ.

ಪ್ರಶ್ನೆ: ನಮ್ಮದು ಮಸ್ಕಿ ತಾಲ್ಲೂಕಿನ ಲಂಬಾಣಿ ತಾಂಡಾ. ಮೊಮ್ಮಗ ಅಂಗನವಾಡಿಗೆ ಹೋಗಲು ಶುರುಮಾಡಿ ಒಂದು ತಿಂಗಳಾಯಿತು. ಅಲ್ಲಿ ಬಾಯಿಯನ್ನೇ ಬಿಡುವುದಿಲ್ಲವಂತೆ. ಮನೆಯಲ್ಲಿ ಲಂಬಾಣಿ ನಿಲ್ಲಿಸಿ ಕನ್ನಡದಲ್ಲಿಯೇ ಮಾತನಾಡಿಸಿ ಎಂದು ಕೆಲವರು ಹೇಳುತ್ತಾರೆ. ಸರಿಯೇ?
– ಒಬ್ಬ ಅಜ್ಜ

ಉತ್ತರ: ಸರಿಯಲ್ಲ, ಹಿರಿಯರೇ. ಹೊಸ ಭಾಷೆಯ ನಡುವೆ ಹೋದ ಮಗು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಸುಮ್ಮನಿದ್ದು ಕೇಳಿಸಿಕೊಳ್ಳುವುದು ಸಹಜ. ಲಂಬಾಣಿಯಲ್ಲಿ ಗಟ್ಟಿಯಾಗಿ ಮಾತು ಕಲಿತ ಮಗು ಕನ್ನಡವನ್ನೂ ಗಟ್ಟಿಯಾಗಿಯೇ ಕಲಿಯುತ್ತದೆ. ನೀವು ಮಾಡಬೇಕಾದದ್ದು ಇಷ್ಟು: ಹುಡುಗ ಲಂಬಾಣಿಯಲ್ಲಿ ಉತ್ತರಿಸಿದರೂ ಒಪ್ಪಿಕೊಂಡು ಅದನ್ನೇ ಕನ್ನಡದಲ್ಲಿ ಹೇಳಿ ತೋರಿಸುವಂತೆ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ತಾಂಡಾದ ಒಂದಿಬ್ಬರು ಮಕ್ಕಳ ಪಕ್ಕದಲ್ಲಿ ಅವನನ್ನು ಕೂರಿಸಲು ಹೇಳಿ. ಮನೆಯಲ್ಲಿಯೂ ಅವನು ಮಾತನಾಡದೆ, ಹಿಂದಿನಿಂದ ಕರೆದರೆ ತಿರುಗಿ ನೋಡದೆ ಇದ್ದರೆ ಮಾತ್ರ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ತಪಾಸಣೆಗೆ ಬರುತ್ತದೆ. ಆ ದಿನ ಯಾವುದೆಂದು ಕಾರ್ಯಕರ್ತೆಯಿಂದ ತಿಳಿದುಕೊಂಡು, ನೀವೇ ಜೊತೆಗಿದ್ದು ವಿಷಯ ತಿಳಿಸಿ.