ಆ ಫೋಟೋದಲ್ಲಿರುವ ಅಜ್ಜಿ ಯಾರು?

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದೇನೆ. ಹಳೇ ಸಾಮಾನಿನ ಅಂಗಡಿಯಲ್ಲಿ ಅಮೆರಿಕದ ಮೂಲನಿವಾಸಿ ಅಜ್ಜಿಯೊಬ್ಬರ ಫೋಟೋ ಸಿಕ್ಕಿತು. ಕೆಳಗೆ ‘ಪ್ರಿನ್ಸೆಸ್ ಏಂಜಲೀನ್’ ಅಂತಲೂ ಇ. ಎಸ್. ಕರ್ಟಿಸ್ ಅಂತಲೂ ಅಚ್ಚಾಗಿದೆ. ಇದು ಅಸಲಿಯಾ? ಇಂಥವನ್ನು ಇನ್ನೂ ಸಂಗ್ರಹಿಸುವ ಆಸೆ ಇದೆ, ತಪ್ಪಾಗುತ್ತದಾ?

ಉತ್ತರ: ಮೊದಲು ಒಂದು ಭೂತಗನ್ನಡಿ ತಗೊಳ್ಳಿ. ದಿನಪತ್ರಿಕೆ ಫೋಟೋದ ಹಾಗೆ ಸಾಲಾಗಿ ಚುಕ್ಕಿ ಕಂಡರೆ ಅದು ಈಚಿನ ಮುದ್ರಣ, ಗೋಡೆಗೆ ಚೆನ್ನ, ಅಷ್ಟೇ. ಸಾಲಿಲ್ಲದೆ ಮರಳು ಚೆಲ್ಲಿದ ಹಾಗೆ ಕಂಡರೆ ಫೋಟೊಗ್ರಾವ್ಯೂರ್ ಇರಬಹುದು. ಅಂದರೆ ತಾಮ್ರದ ತಗಡಿನಿಂದ ಶಾಯಿಯಲ್ಲಿ ತೆಗೆದ ಅಚ್ಚು. ಫೋಟೋಗ್ರಾಫರ್ ಕರ್ಟಿಸ್ ಅಮೆರಿಕದ ಮೂಲನಿವಾಸಿಗಳ ಬಗ್ಗೆ 1907ರಿಂದ 1930ರವರೆಗೆ ತಂದ 20 ಸಂಪುಟಗಳ ಚಿತ್ರಗಳೆಲ್ಲ ಹೀಗೇ ಅಚ್ಚಾದವು. ಆದರೆ ಆ ತಗಡುಗಳು 1970ರ ದಶಕದಲ್ಲಿ ಬಾಸ್ಟನ್ನಿನ ಪುಸ್ತಕದಂಗಡಿಯೊಂದರ ನೆಲಮಾಳಿಗೆಯಲ್ಲಿ ಸಿಕ್ಕವು, ಆಮೇಲೆ ಅವುಗಳಿಂದ ಮತ್ತೆ ಅಚ್ಚು ತೆಗೆದಿದ್ದಾರೆ, ಹಾಗಾಗಿ ಕಾಗದದ ವಯಸ್ಸನ್ನು ತಿಳಿದವರೊಬ್ಬರು ಕೈಯಲ್ಲಿ ಹಿಡಿದು ನೋಡದೆ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನು ಆ ಅಜ್ಜಿ. ಅವರ ನಿಜವಾದ ಹೆಸರು ಕಿಕಿಸೊಬ್ಲು. ನಿಮ್ಮ ಊರಿಗೆ ಯಾರ ಹೆಸರಿಟ್ಟಿದ್ದಾರೋ ಆ ನಾಯಕ ಸಿಯಾಟಲ್ ಅವರ ಮಗಳು! ‘ಏಂಜಲೀನ್’ ಅನ್ನೋದು ವಲಸೆ ಬಂದ ಬಿಳಿಯರ ಹೆಂಗಸೊಬ್ಬಳು ಇಟ್ಟ ಹೆಸರು. ಅಮೆರಿಕ ಸರ್ಕಾರದ ಜೊತೆಗಿನ 1855ರ ಒಪ್ಪಂದದ ಮೇಲೆ ಅವರ ಜನ ಊರು ಬಿಡಬೇಕಾಯಿತು, ಇವರು ಮಾತ್ರ ಬಿಡಲಿಲ್ಲ. ಕಡಲಂಚಿನ ಸಣ್ಣ ಗುಡಿಸಲಲ್ಲಿದ್ದು, ಬೇರೆಯವರ ಬಟ್ಟೆ ಒಗೆದು, ಬುಟ್ಟಿ ಮಾರಿ ಬದುಕಿದರು. 1896ರಲ್ಲಿ ತೀರಿಕೊಂಡರು. ಒಂದೊಂದು ಫೋಟೋಗೆ ಒಂದು ಡಾಲರ್ ಕೊಟ್ಟೆ ಅಂತ ಕರ್ಟಿಸ್ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ಮುಖವನ್ನು ಬೇರೆ ಫೋಟೋಗ್ರಾಫರುಗಳೂ ಕಾರ್ಡು ಮಾಡಿ ಪ್ರವಾಸಿಗರಿಗೆ ಮಾರಿದರು. ಇದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಂಗ್ರಹಿಸುವುದು ತಪ್ಪಲ್ಲ. ಆದರೆ ಸುಮ್ನೆ ‘ಇಂಡಿಯನ್ ಮುಖಂಡ’ ಅಂತ ಮಾರುವುದನ್ನು ಕೊಳ್ಳುವ ಮೊದಲು ಹೆಸರು, ಬುಡಕಟ್ಟು, ಊರು ಕೇಳಿ. ಪೂಜೆಯದು, ಸಮಾಧಿಯದು ಬಿಟ್ಟುಬಿಡಿ. ಹೋಪಿ, ಜೂನಿ ಬುಡಕಟ್ಟಿನ ಜನ ತಮ್ಮ ಆಚರಣೆಗಳ ಫೋಟೋ ಹೊರಗೆ ತಿರುಗುವುದನ್ನು ಒಪ್ಪುವುದಿಲ್ಲ. ಫೋಟೋದಲ್ಲಿ ಕಾಣುವುದನ್ನೆಲ್ಲ ನಂಬಲೂಬೇಡಿ. ಪೀಗನ್ ಜನರ ಡೇರೆಯೊಳಗಿನ ಕರ್ಟಿಸ್ ಚಿತ್ರ ಒಂದಿದೆ, ಇಬ್ಬರ ನಡುವೆ ಗಡಿಯಾರ ಇತ್ತು, ಅಚ್ಚಿನಲ್ಲಿ ಅದನ್ನೇ ಅಳಿಸಿಬಿಟ್ಟರು. ಗಡಿಯಾರ ಇದ್ದರೆ ‘ಹಳೇ ಕಾಲದ ಜನ’ ಅನ್ನಿಸೋದಿಲ್ಲ ಅಲ್ವಾ?

ಕಿಕಿಸೊಬ್ಲು ಅವರ ದುವಾಮಿಶ್ ಜನ ಇಂದಿಗೂ ಅಲ್ಲೇ ಇದ್ದಾರೆ, ವೆಸ್ಟ್ ಸಿಯಾಟಲ್‌ನಲ್ಲಿ ಅವರ ಲಾಂಗ್‌ಹೌಸ್, ಅಂದರೆ ಎಲ್ಲರೂ ಸೇರುವ ಉದ್ದನೆಯ ಮರದ ಮನೆ, ಇದೆ. ಫೋಟೋದ ಪ್ರತಿ ಹಿಡಿದು ಒಮ್ಮೆ ಹೋಗಿ ಬನ್ನಿ.

ಲ್ಯಾಮಿನೇಷನ್ ಮಾಡಿಸಲೇಬೇಡಿ. ಟೇಪು, ಗೋಂದು ಯಾವುದೂ ಬೇಡ, ಬಿಸಿಲು ಬೀಳದ ಗೋಡೆಗೆ ಹಾಕಿ. ಆಸಿಡ್ ಇಲ್ಲದ ರಟ್ಟು ಕೇಳಿ ಫ್ರೇಮ್ ಹಾಕಿಸಿ, ಫ್ರೇಮಿನ ಹಿಂದೆ ‘ಕಿಕಿಸೊಬ್ಲು’ ಅಂತ ಬರೆದಿಡಿ.